ದೀಪ 6 ಸಲ ಮಿನುಗಿ ನಿಂತುಬಿಡುತ್ತದೆ: 1977ರ ಪಿನ್‌ಬಾಲ್ ಮಷಿನ್ ರಿಪೇರಿ

ಪ್ರಶ್ನೆ (ನೇಪರ್‌ವಿಲ್, ಇಲಿನಾಯ್):
ನಮಸ್ಕಾರ ಸರ್. ಹೋದ ತಿಂಗಳು ಇಲ್ಲೇ ಪಕ್ಕದ ಊರಲ್ಲಿ ಒಬ್ಬರು ಗರಾಜ್ ಖಾಲಿ ಮಾಡುತ್ತಿದ್ದರು. ಅವರಿಂದ ಒಂದು ಹಳೇ ಪಿನ್‌ಬಾಲ್ ಮಷಿನ್ ತಗೊಂಡೆ, ಉಕ್ಕಿನ ಚೆಂಡು ಬಡಿದು ಸ್ಕೋರ್ ಗಳಿಸುವ ಆಟದ್ದು. ಬ್ಯಾಲಿ ಕಂಪನಿಯ ‘ಎಯ್ಟ್ ಬಾಲ್’, 1977ರದ್ದು. ‘ಒಂದು ಫ್ಯೂಸ್ ಹೋಗಿರಬೇಕು ಅಷ್ಟೆ’ ಅಂತ ಮಾರಿದರು. ಸ್ವಿಚ್ ಹಾಕಿದರೆ ಹಿಂದಿನ ಗಾಜಿನ ದೀಪಗಳು ಹತ್ತುತ್ತವೆ. ಆದರೆ ಸ್ಕೋರ್ ತೋರಿಸುವ ಡಿಸ್‌ಪ್ಲೇ ಎಲ್ಲಾ ಕತ್ತಲೆ. ಒಳಗಿನ ದೊಡ್ಡ ಬೋರ್ಡಿನಲ್ಲಿ ಒಂದು ಕೆಂಪು ಎಲ್‌ಇಡಿ ಇದೆ. ಅದು ಒಮ್ಮೆ ಚಕ್ ಅಂತ ಹೊಳೆದು, ಆಮೇಲೆ 6 ಸಲ ಮಿನುಗಿ ಸುಮ್ಮನಾಗುತ್ತದೆ. ಫ್ಯೂಸ್‌ಗಳನ್ನು ಟಾರ್ಚ್ ಹಾಕಿ ನೋಡಿದೆ, ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಅದೇ ಬೋರ್ಡಿನ ಒಂದು ಮೂಲೆಯಲ್ಲಿ ಹಸಿರು ಪುಡಿ ಕಟ್ಟಿದೆ. ಮಲ್ಟಿಮೀಟರ್ ಇದೆ, ಕಾಲೇಜಿನಲ್ಲಿ ಸಾಲ್ಡರಿಂಗ್ ಮಾಡಿದ್ದ ನೆನಪಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ:
ಮೊದಲು ಪ್ಲಗ್ ಕೀಳಿ. ‘ಇನ್ನೊಂದು ಸಲ ಹಾಕಿ ನೋಡೋಣ’ ಅನ್ನುವ ಆಸೆಯೇ ಈ ಮಷಿನ್‌ಗಳಿಗೆ ದೊಡ್ಡ ಶತ್ರು. ಚೆಂಡು ತಳ್ಳುವ, ಗಂಟೆ ಬಡಿಯುವ ಕಾಯಿಲ್‌ಗಳು (ತಂತಿಯ ಸುರುಳಿಗಳು) ಮುಕ್ಕಾಲು ಪಾಲು ಸುಟ್ಟಿರುವುದು ಹಾಗೆಯೇ.

ಇನ್ನು ಒಳ್ಳೆ ಸುದ್ದಿ. ನಿಮ್ಮ ಬೋರ್ಡ್ ಸತ್ತಿಲ್ಲ. ಆ ಎಲ್‌ಇಡಿ ಮಷಿನ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ರೀತಿ. ಮೊದಲ ಚಕ್ ಅಂದರೆ ಪ್ರೊಸೆಸರ್ ಎದ್ದಿತು ಅಂತ. ಅದು ಮೊಟೊರೊಲಾ 6800. ಆಮೇಲೆ ಒಟ್ಟು 7 ಮಿನುಗು ಬರಬೇಕು. 1ನೆಯದು ಆಟದ ಪ್ರೋಗ್ರಾಮ್ ಇರುವ ರೋಮ್ ಚಿಪ್‌ಗಳಿಗೆ, 2 ಮತ್ತು 3 ನೆನಪಿಟ್ಟುಕೊಳ್ಳುವ ಎರಡು ರ‍್ಯಾಮ್ ಚಿಪ್‌ಗಳಿಗೆ, 4 ಮತ್ತು 5 ಹೊರಗಿನ ಬೋರ್ಡುಗಳ ಜೊತೆ ಮಾತಾಡುವ ಎರಡು ಪಿಐಎ ಚಿಪ್‌ಗಳಿಗೆ, 6ನೆಯದು ಡಿಸ್‌ಪ್ಲೇ ಟೈಮರ್‌ಗೆ. ಅಷ್ಟೂ ಪಾಸಾಗಿವೆ. ಉಳಿದ 7ನೆಯದು ಚಿಪ್ಪಿನ ಪರೀಕ್ಷೆಯೇ ಅಲ್ಲ. ಕಾಯಿಲ್‌ಗಳಿಗೆ ಹೋಗುವ 43 ವೋಲ್ಟ್ ಬಂದಿದೆಯಾ ಅಂತ ಕೇಳುವುದು. ಅದು ಬರುತ್ತಿಲ್ಲ.

ಹಾಗಾಗಿ ಮಾರಿದವರು ಹೇಳಿದ್ದು ಅರ್ಧ ನಿಜ ಇರಬಹುದು. ಟ್ರಾನ್ಸ್‌ಫಾರ್ಮರ್ ಪಕ್ಕ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಬೋರ್ಡ್ ಇದೆ, ಫ್ಯೂಸ್‌ಗಳ ಸಾಲು ಅಲ್ಲೇ. ಫ್ಯೂಸನ್ನು ಕಣ್ಣಲ್ಲಿ ನೋಡಿ ನಂಬಬೇಡಿ. ಕ್ಲಿಪ್ಪಿನಲ್ಲಿ ಇಟ್ಟೇ ಮೀಟರ್ ಹಿಡಿದರೂ ಮೋಸ ಹೋಗುತ್ತೀರಿ, ಬೇರೆ ದಾರಿಯಿಂದ ಸುತ್ತಿ ಬಂದು ಬೀಪ್ ಅನ್ನುತ್ತದೆ. ಒಂದೊಂದನ್ನೂ ಹೊರಗೆ ತೆಗೆದು ಅಳೆಯಿರಿ. ಕೆಲವು ಸಲ ತಂತಿ ಗಾಜಿನೊಳಗೆ ಚೆನ್ನಾಗಿಯೇ ಇದ್ದು, ತುದಿಯ ಲೋಹದ ಮುಚ್ಚಳದೊಳಗೆ ಬಿಟ್ಟಿರುತ್ತದೆ. ಬದಲಿಸುವಾಗ ಹಳೇ ಫ್ಯೂಸಿನ ಮೇಲೆ ಇದ್ದದ್ದನ್ನಲ್ಲ, ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಆಂಪಿಯರ್ ನೋಡಿ ಹಾಕಿ. ಹಿಂದೆ ಯಾರೋ ದೊಡ್ಡ ಫ್ಯೂಸ್ ತುರುಕಿರುವುದು ತೀರಾ ಸಾಮಾನ್ಯ.

ಆದರೆ ಫ್ಯೂಸಿಗೂ ಮುಂಚೆ ಆ ಹಸಿರು ಪುಡಿ. ಅದು 3.6 ವೋಲ್ಟ್‌ನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿದ್ದು. ದೊಡ್ಡ ಸ್ಕೋರು, ಎಷ್ಟು ಆಟ ಆಡಿದ್ದಾರೆ ಅನ್ನುವ ಲೆಕ್ಕ ಉಳಿಸೋಕೆ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಕಂಪನಿಯನ್ನು ಬೈದು ಫಲವಿಲ್ಲ. ಅಂಗಡಿಯಲ್ಲಿ ನಾಲ್ಕೈದು ವರ್ಷ ದುಡಿದು ಗುಜರಿಗೆ ಹೋಗಬೇಕಾದ ಮಷಿನ್ ಅದು. ನಿಮ್ಮ ಮನೆಗೆ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು?

ಬ್ಯಾಟರಿಯ ಎರಡೂ ಕಾಲು ಕತ್ತರಿಸಿ ತೆಗೆಯಿರಿ. ಬೋರ್ಡನ್ನು ಹೊರಗೆ ತಂದು, ರೋಮ್ ಚಿಪ್‌ಗಳನ್ನು ಯಾವುದು ಎಲ್ಲಿತ್ತು ಅಂತ ಫೋಟೊ ತೆಗೆದುಕೊಂಡು ಬಿಚ್ಚಿಡಿ. ಆಮೇಲೆ ಬಿಳಿ ವಿನೆಗರ್ ಮತ್ತು ಹಳೇ ಟೂತ್‌ಬ್ರಷ್. ಸೋರಿದ್ದು ಕ್ಷಾರ, ಅದಕ್ಕೆ ಹುಳಿ ಬೇಕು. ಸಣ್ಣಗೆ ನೊರೆ ಬರಬಹುದು. ಹತ್ತು ನಿಮಿಷ ಬಿಟ್ಟು ಚೆನ್ನಾಗಿ ನೀರಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಜಾಲಾಡಿ ಒಂದು ದಿನ ಒಣಗಲು ಬಿಡಿ.

ಈಗ ಲೆನ್ಸ್ ಇಟ್ಟು ನೋಡಿ. ಬೋರ್ಡಿನ ಹಸಿರು ಲೇಪದ ಕೆಳಗೆ ತಾಮ್ರದ ಗೆರೆ ಕೆಲವು ಕಡೆ ಕಪ್ಪಾಗಿರುತ್ತದೆ, ಗೆದ್ದಲು ಹೋದ ದಾರಿ ಥರ. ಆ ಕಪ್ಪು ನಿಂತ ಜಾಗದಲ್ಲಿ ಕ್ಷಾರ ಇನ್ನೂ ತಿನ್ನುತ್ತಲೇ ಇದೆ. ಫೈಬರ್‌ಗ್ಲಾಸ್ ಪೆನ್ನಿನಿಂದ ತಾಮ್ರ ಹೊಳೆಯುವ ತನಕ ಕೆರೆಯಿರಿ, ಮೇಲೆ ತೆಳ್ಳಗೆ ಸಾಲ್ಡರ್ ಹಚ್ಚಿ. ಸಾಲ್ಡರ್ ಹತ್ತದೆ ಗುಂಡಾಗಿ ಉರುಳಿದರೆ ಇನ್ನೂ ಕೊಳೆ ಇದೆ ಅಂತ ಅರ್ಥ. ಅಲ್ಲಿನ ಐಸಿ (ಚಿಪ್) ಸಾಕೆಟ್ ಹಸಿರಾಗಿದ್ದರೆ ಉಳಿಸಲು ಹೋಗಬೇಡಿ, ಹೊಸದು ಹಾಕಿ. ಹೊಸ ಬ್ಯಾಟರಿ ಬೇಡ. 5.5 ವೋಲ್ಟ್‌ನ 1 ಫ್ಯಾರಡ್ ಮೆಮೊರಿ ಕೆಪಾಸಿಟರ್ ಸಾಕು, ಸೋರುವ ಭಯ ಇಲ್ಲ.

ಪ್ರಶ್ನೆ (ಶಿವಮೊಗ್ಗ):
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಹುಳಿಯೇ ಬೇಕು ಅಂದ್ರೆ ಹುಣಸೆಹಣ್ಣು ಆಗಲ್ವಾ? ತಾಮ್ರದ ಚೊಂಬು ಫಳಫಳ ಅನ್ನುತ್ತದಲ್ಲ.

ಉತ್ತರ:
ಚೊಂಬಿಗೆ ಸರಿ ಮೇಡಂ. ಹುಣಸೆಯಲ್ಲಿ ಹುಳಿಯ ಜೊತೆ ಸಕ್ಕರೆ, ನಾರು, ಅಂಟು ಎಲ್ಲಾ ಇದೆ. ಅದು ಐಸಿ ಕಾಲುಗಳ ಸಂದಿಯಲ್ಲಿ ಕೂತು ತೇವ ಹೀರುತ್ತದೆ. ಒಂದು ತೊಂದರೆ ಕಳೆದು ಇನ್ನೊಂದು ತಂದ ಹಾಗೆ. ನಿಂಬೆರಸವೂ ಬೇಡ. ಬಿಳಿ ವಿನೆಗರ್ ತೊಳೆದರೆ ಪೂರ್ತಿ ಹೋಗುತ್ತದೆ, ಅದಕ್ಕೇ ಅದು.

ಪ್ರಶ್ನೆ (ನೇಪರ್‌ವಿಲ್):
ಸರ್, ಎರಡು ವಾರಾಂತ್ಯ ಕೂತು ಬೋರ್ಡ್ ತೊಳೆದೆ. ಫ್ಯೂಸ್ ವಿಷಯ ನೀವು ಹೇಳಿದ್ದೇ ಸರಿ, ಹೊರಗೆ ತೆಗೆದು ನೋಡಿದರೆ ಒಂದು ಸತ್ತಿತ್ತು. ಬದಲಿಸಿದೆ. 7 ಮಿನುಗು ಬಂತು! ಮಗಳು ಚಪ್ಪಾಳೆ ತಟ್ಟುವುದಕ್ಕೂ, ಕೆಳಗಿಂದ ‘ಢಬ್’ ಅಂತ ಸದ್ದು ಬರುವುದಕ್ಕೂ ಸರಿಹೋಯಿತು. ಚೆಂಡನ್ನು ವಾಪಸ್ ತಳ್ಳುವ ಔಟ್‌ಹೋಲ್ ಕಾಯಿಲ್ ಎಳೆದುಕೊಂಡು ಹಾಗೇ ನಿಂತಿತು. ನಾಲ್ಕೈದು ಸೆಕೆಂಡಿಗೆ ಸುಟ್ಟ ವಾಸನೆ. ಆಫ್ ಮಾಡಿದೆ.

ಉತ್ತರ:
ಆಫ್ ಮಾಡಿದ್ದು ಒಳ್ಳೆಯದಾಯಿತು. ಫ್ಯೂಸ್ ಯಾಕೆ ಹೋಗಿತ್ತು ಅನ್ನುವುದಕ್ಕೂ ಈಗ ಉತ್ತರ ಸಿಕ್ಕಿರಬಹುದು.

ಈ ಮಷಿನ್‌ನಲ್ಲಿ 43 ವೋಲ್ಟ್ ಯಾವಾಗಲೂ ಕಾಯಿಲ್‌ಗೆ ಬಂದು ನಿಂತಿರುತ್ತದೆ. ಡ್ರೈವರ್ ಬೋರ್ಡಿನ ಟ್ರಾನ್ಸಿಸ್ಟರ್ ಇನ್ನೊಂದು ತುದಿಯನ್ನು ಕ್ಷಣ ಮಾತ್ರ ಗ್ರೌಂಡಿಗೆ ಮುಟ್ಟಿಸಿ ಬಿಡುತ್ತದೆ. ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಮುಟ್ಟಿಸಿದ್ದು ಬಿಡುವುದಿಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು ಕೆಲಸ ಮಾಡುವ ಕಾಯಿಲ್ ಅದು, ನಿಮಿಷ ನಿಂತರೆ ಇದ್ದಿಲು.

ಡ್ರೈವರ್ ಬೋರ್ಡ್ ಮುಟ್ಟುವ ಮುಂಚೆ ಒಂದು ಮಾತು, ಇದನ್ನು ಎರಡು ಸಲ ಓದಿ. ಡಿಸ್‌ಪ್ಲೇಗಳಿಗೆ ಬೇಕಾದ ಸುಮಾರು 190 ವೋಲ್ಟ್ ಡಿಸಿ ತಯಾರಾಗುವುದೂ ಇದೇ ಬೋರ್ಡಿನಲ್ಲಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಕಾಯಿರಿ, ಮೀಟರ್ ಹಿಡಿದು ಇಳಿದಿದೆ ಅಂತ ಖಾತ್ರಿ ಮಾಡಿಕೊಳ್ಳಿ, ಆಮೇಲೆ ಕೈ ಹಾಕಿ. ನನಗೆ ಒಮ್ಮೆ ಹೊಡೆದಿದೆ. ಮೊಣಕೈ ತನಕ ಜುಂ ಅಂದಿದ್ದು ಇವತ್ತಿಗೂ ನೆನಪಿದೆ.

ಮೀಟರನ್ನು ಡಯೋಡ್ ಪರೀಕ್ಷೆಗೆ ಇಡಿ. ಕಪ್ಪು ಕಡ್ಡಿ ಟ್ರಾನ್ಸಿಸ್ಟರ್‌ನ ಲೋಹದ ಬೆನ್ನಿಗೆ, ಕೆಂಪು ಕಡ್ಡಿ ಮೊದಲು ಒಂದು ಪಕ್ಕದ ಕಾಲಿಗೆ, ಆಮೇಲೆ ಇನ್ನೊಂದು ಪಕ್ಕದ ಕಾಲಿಗೆ. ಎರಡು ಸಲವೂ 0.4ರಿಂದ 0.6 ಬರಬೇಕು. ಸೊನ್ನೆ ಹತ್ತಿರ ಬಂದರೆ ಅದೇ ಕಳ್ಳ. ಸಾಲಾಗಿ ಅಂಥವೇ ಇವೆ, ಪಕ್ಕದ್ದರ ಜೊತೆ ಹೋಲಿಸಿ ನೋಡಿದರೆ ಅನುಮಾನ ಇರುವುದಿಲ್ಲ. ಹಳೆಯದು ಎಸ್‌ಇ9302, ಅದರ ಬದಲಿಗೆ ಟಿಪ್102 ಹಾಕಿ, ಅದೇ ಜಾಸ್ತಿ ಗಟ್ಟಿ.

ಇಷ್ಟಕ್ಕೇ ನಿಲ್ಲಿಸಿದರೆ ಹೊಸ ಟ್ರಾನ್ಸಿಸ್ಟರ್ ಸಹ ಹೋಗುತ್ತದೆ. ಕಾಯಿಲ್‌ನ ಒಂದು ತಂತಿ ಬಿಚ್ಚಿ ಓಮ್ ಅಳೆಯಿರಿ. 2 ಓಮ್‌ಗಿಂತ ಕಡಿಮೆ ಇದ್ದರೆ ಒಳಗಿನ ಸುತ್ತು ಬೆಂದು ಶಾರ್ಟ್ ಆಗಿದೆ, ಕಾಯಿಲ್ ಬದಲಿಸಿ. ಅದರ ಕಾಲುಗಳ ನಡುವೆ ಕಡ್ಡಿಯಂಥ ಸಣ್ಣ ಡಯೋಡ್ ಇದೆ, 1ಎನ್4004. ಕಾಯಿಲ್ ಬಿಡುವಾಗ ಏಳುವ ವೋಲ್ಟೇಜ್ ಏಟನ್ನು ತಿನ್ನುವುದು ಅದೇ. ಒಂದು ಕಾಲು ಮುರಿದಿದ್ದರೂ ಆ ಏಟು ನೇರ ಟ್ರಾನ್ಸಿಸ್ಟರ್‌ಗೆ. ಕೇಳದೆ ಬದಲಿಸಿಬಿಡಿ. ಪಟ್ಟಿ ಇರುವ ತುದಿ 43 ವೋಲ್ಟ್ ಬರುವ ತಂತಿಯ ಕಡೆಗೆ.

ಬೋರ್ಡ್ ಕೈಯಲ್ಲಿರುವಾಗಲೇ ಕನೆಕ್ಟರ್ ಪಿನ್‌ಗಳ ಬೆಸುಗೆಯನ್ನೂ ನೋಡಿ. ಪಿನ್ನಿನ ಸುತ್ತ ಕೂದಲೆಳೆಯಂಥ ಉಂಗುರ ಕಂಡರೆ ಅದು ಬಿರುಕು. ಮೇಲೊಂದು ಚೂರು ಹೊಸ ಸಾಲ್ಡರ್ ಕೊಡಿ. ‘ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ’ ಅನ್ನುವ ದೂರುಗಳಲ್ಲಿ ಅರ್ಧ ಇಲ್ಲೇ ಮುಗಿಯುತ್ತವೆ. ಚಿಪ್ ದೂರುವುದು ಕೊನೆಗೆ.

ಪ್ರಶ್ನೆ (ಬೆಂಗಳೂರು):
ನಮ್ಮಣ್ಣ ಅಮೆರಿಕದಿಂದ ವಾಪಸ್ ಬರುವಾಗ ಇಂಥದ್ದೇ ಒಂದನ್ನು ಕಂಟೇನರ್‌ನಲ್ಲಿ ಹಾಕಿಸಿದ್ದಾನೆ. ಇಲ್ಲಿ 230 ವೋಲ್ಟ್, 50 ಹರ್ಟ್ಜ್. ನಡೆಯುತ್ತಾ? ಸಾಮಾನು ಎಲ್ಲಿ ತರುವುದು?

ಉತ್ತರ:
ನೇರ ಗೋಡೆಗೆ ಚುಚ್ಚಿದರೆ ಅಲ್ಲೇ ತಿಥಿ. ಆ ಕಾಲದ ಬ್ಯಾಲಿ ಮಷಿನ್‌ಗಳು ಯುರೋಪಿಗೂ ಹೋಗುತ್ತಿದ್ದವು, ಹಾಗಾಗಿ 50 ಹರ್ಟ್ಜ್ ತೊಂದರೆ ಇಲ್ಲ. ವೋಲ್ಟೇಜ್‌ಗೆ ಒಳ್ಳೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಿ, 500 ವಿಎ ಇರಲಿ. ಅರ್ಥಿಂಗ್ ಇರುವ ಸಾಕೆಟ್ಟೇ ಬೇಕು.

ಟಿಪ್102, 1ಎನ್4004, ಸಾಕೆಟ್, ಪಿನ್ ಎಲ್ಲಾ ನಿಮ್ಮ ಎಸ್‌ಪಿ ರೋಡಿನಲ್ಲೇ ಸಿಗುತ್ತವೆ. 5101 ರ‍್ಯಾಮ್, 6821 ಪಿಐಎ ಥರದ ಹಳೇ ಚಿಪ್ ತರುವಾಗ ಮಾತ್ರ ಹುಷಾರು. ಮೇಲಿನ ಅಕ್ಷರ ಉಜ್ಜಿ ಹೊಸದಾಗಿ ಅಚ್ಚು ಹಾಕಿದ ಮಾಲು ಜಾಸ್ತಿ. ‘ಎಯ್ಟ್ ಬಾಲ್’ ಒಂದೇ 20,230 ತಯಾರಾಗಿದ್ದವು. ಎಲೆಕ್ಟ್ರಾನಿಕ್ ಪಿನ್‌ಬಾಲ್‌ಗಳಲ್ಲಿ 1992ರ ತನಕ ಅದನ್ನು ಯಾವುದೂ ಹಿಂದೆ ಹಾಕಲಿಲ್ಲ. ಅದಕ್ಕೇ ಇಂಥ ಬೋರ್ಡುಗಳನ್ನು ಈಗಲೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಬೋರ್ಡ್ ತೀರಾ ಕೊಳೆತಿದ್ದರೆ ಅದೇ ವಾಸಿ.

ಪ್ರಶ್ನೆ (ನೇಪರ್‌ವಿಲ್):
ಸರ್, ಆಡಿದೆವು! ಟ್ರಾನ್ಸಿಸ್ಟರ್ ಶಾರ್ಟ್ ಆಗಿತ್ತು, ಡಯೋಡ್‌ನ ಕಾಲೂ ಮುರಿದಿತ್ತು. ಕಾಯಿಲ್ ಬದುಕಿದೆ. ಕಿತ್ತಳೆ ಬಣ್ಣದ ಸ್ಕೋರು ಮೊದಲ ಸಲ ಹತ್ತಿದಾಗ ಮನೆಯವರೆಲ್ಲಾ ಬೇಸ್‌ಮೆಂಟಿಗೆ ಇಳಿದು ಬಂದರು. ಒಂದೇ ಒಂದು ಕೊರತೆ. ಒಳಗಿನ ಚೈಮ್ ಗಂಟೆಗಳಲ್ಲಿ ಒಂದು ‘ಟಿಣ್’ ಅನ್ನದೆ ‘ಟಕ್’ ಅನ್ನುತ್ತದೆ.

ಉತ್ತರ:
ಟಕ್ ಅನ್ನುತ್ತಿದೆ ಅಂದರೆ ಕರೆಂಟ್ ಬರುತ್ತಿದೆ. ಎಲೆಕ್ಟ್ರಾನಿಕ್ಸ್ ಬಿಡಿ, ಇದು ಬರೀ ಕೊಳೆ. ಚೈಮ್ ಕಾಯಿಲ್‌ನ ಒಳಗಿನ ಕಡ್ಡಿ ಮೇಲಕ್ಕೆ ಹೋಗಿ ಗಂಟೆಯ ಪಟ್ಟಿಗೆ ಬಡಿದು ತಕ್ಷಣ ಬೀಳಬೇಕು, ಅಂಟಿ ನಿಂತರೆ ನಾದ ಸಾಯುತ್ತದೆ. ಕಡ್ಡಿ ತೆಗೆದು ಆಲ್ಕೊಹಾಲ್‌ನಲ್ಲಿ ಒರೆಸಿ, ಕೊಳವೆಯ ಒಳಗೂ ಒರೆಸಿ. ಎಣ್ಣೆ ಮಾತ್ರ ಹಾಕಬೇಡಿ, ಧೂಳು ಸೇರಿ ಮೇಣ ಆಗುತ್ತದೆ.

ಪ್ರಶ್ನೆ (ನೇಪರ್‌ವಿಲ್):
ಬೆಳಿಗ್ಗೆಯೇ ಹಾಕಿಬಿಟ್ಟೆ ಸರ್. ಹೊಲಿಗೆ ಮಷಿನ್ ಎಣ್ಣೆ.

ಉತ್ತರ:
ಎಷ್ಟಕ್ಕೆ?

ಪ್ರಶ್ನೆ (ನೇಪರ್‌ವಿಲ್):
ಎಲ್ಲದಕ್ಕೂ.

ಉತ್ತರ:
ಸರಿ. ಆಲ್ಕೊಹಾಲ್ ದೊಡ್ಡ ಬಾಟಲಿಯೇ ತನ್ನಿ.