ತೋಟದ ಶೆಡ್ಡಿನಲ್ಲಿ ನಿಂತ ಹಳೇ ಬೆಂಜ್ 240ಡಿ: ತಗೋಬಹುದಾ, ಎಬ್ಬಿಸೋದು ಹೇಗೆ?

ಕೊಟ್ಟಿಗೆಹಾರ_ಮಳೆ:

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದ ಶೆಡ್ಡಿನಲ್ಲಿ ಮರ್ಸಿಡಿಸ್ ಬೆಂಜ್ ಡಬ್ಲ್ಯು123 ನಿಂತಿದೆ. ಡಿಕ್ಕಿ ಮೇಲೆ 240ಡಿ ಅಂತಿದೆ, ಮ್ಯಾನ್ಯುಯಲ್ ಗೇರು. ಆರೇಳು ಮಳೆಗಾಲದಿಂದ ಸ್ಟಾರ್ಟ್ ಮಾಡಿಲ್ಲ. ಆರ್‌ಸಿಯಲ್ಲಿ ಹೆಸರಿದ್ದವರು ತೀರಿಕೊಂಡಿದ್ದಾರೆ, ಮಗ ಮಾರೋಕೆ ತಯಾರಿದ್ದಾರೆ. ಹೆಚ್ಚುಕಡಿಮೆ ಅದೇ ದುಡ್ಡಿಗೆ ಬೆಂಗಳೂರಿನಲ್ಲಿ 1995ರ ಇ220 (ಡಬ್ಲ್ಯು124, ಪೆಟ್ರೋಲ್) ಓಡುವ ಸ್ಥಿತಿಯಲ್ಲಿ ಸಿಗ್ತಿದೆ.

ಎರಡರಲ್ಲಿ ಯಾವುದು? ಶೆಡ್ಡಿನ ಗಾಡಿಗೆ ಬ್ಯಾಟರಿ ಹಾಕಿ ಒಂದ್ಸಲ ಸೆಲ್ಫ್ ಹೊಡೆದು ನೋಡಬಹುದಾ? ಇನ್ನೊಂದು, ಕಾರ್ಲ್ ಬೆಂಜ್ ತನ್ನ ಮಗಳ ಹೆಸರನ್ನೇ ಕಾರಿಗಿಟ್ಟ ಅಂತಾರಲ್ಲ, ಈ ಕಂಪನಿ ಮೇಲೆ ಹಳಬರಿಗೆ ಅಷ್ಟೊಂದು ಮೋಹ ಯಾಕೆ? ನಕ್ಷತ್ರದ ಗತ್ತಷ್ಟೇನಾ, ಒಳಗೆ ಸರಕೂ ಇದೆಯಾ?

ಡೀಸೆಲ್_ಪಂಪ್_ಹಾಸನ:

ಸೆಲ್ಫ್ ಹೊಡೀಬೇಡಿ ಸರ್. ಜೀಪಿಗೆ ಹಗ್ಗ ಕಟ್ಟಿ ಎಳೆಸೋದಂತೂ ಬೇಡವೇ ಬೇಡ. ಇಷ್ಟು ವರ್ಷ ನಿಂತ ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು ಸಿಲಿಂಡರಿಗೆ ಕಚ್ಚಿಕೊಂಡಿರಬಹುದು, ಡೀಸೆಲ್ ಪಂಪಿನೊಳಗೆ ಇಂಧನದ ಅಳತೆ ಹಿಡಿಯುವ ರ್‍ಯಾಕ್ ಅಂಟಿ ನಿಂತಿರಬಹುದು. ಎರಡನೆಯದೇ ಹೆಚ್ಚು ಕೆಟ್ಟದ್ದು. ಹಳೇ ಡೀಸೆಲ್ ಒಣಗಿ ಗೋಂದಾಗಿ, ರ್‍ಯಾಕ್ ಪೂರ್ತಿ ಡೀಸೆಲ್ ಬಿಡುವ ಕಡೆ ಸಿಕ್ಕಿಕೊಂಡಿದ್ದರೆ ಸ್ಟಾರ್ಟ್ ಆದ ಕೂಡಲೇ ರೇಸ್ ಏರುತ್ತಾ ಹೋಗುತ್ತೆ, ಕೀ ತಿರುಗಿಸಿದರೂ ನಿಲ್ಲಲ್ಲ.

ಮೊದಲು ನಾಲ್ಕೂ ಗ್ಲೋ ಪ್ಲಗ್ (ಸ್ಟಾರ್ಟಿಗೆ ಮುಂಚೆ ಸಿಲಿಂಡರ್ ಬಿಸಿ ಮಾಡುವವು) ಬಿಚ್ಚಿ. ಒಂದೊಂದು ತೂತಿಗೂ 5ರಿಂದ 10 ಮಿ.ಲೀ. ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಎಣ್ಣೆ) ಸಿರಿಂಜಿನಲ್ಲಿ ಬಿಟ್ಟು ಒಂದೆರಡು ದಿನ ಸುಮ್ಮನಿರಿ. ಜಾಸ್ತಿ ಸುರಿಯಬೇಡಿ. ಆಮೇಲೆ ಕ್ರ್ಯಾಂಕ್ ಬೋಲ್ಟಿಗೆ 27 ಎಂ.ಎಂ. ಸಾಕೆಟ್ ಹಾಕಿ, ಎದುರಿನಿಂದ ನೋಡಿದಾಗ ಗಡಿಯಾರ ತಿರುಗುವ ದಿಕ್ಕಿಗೇ ಕೈಯಲ್ಲಿ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಟೈಮಿಂಗ್ ಚೈನ್ ಸಡಿಲಾಗುತ್ತೆ. ಎರಡು ಸುತ್ತು ಅಡ್ಡಿಯಿಲ್ಲದೆ ಬಂದರೆ ಅರ್ಧ ಗೆದ್ದ ಹಾಗೆ. ಬರದಿದ್ದರೆ ಉದ್ದದ ಪೈಪು ಹಾಕಿ ಜಗ್ಗಬೇಡಿ, ಮತ್ತೆ ಎಣ್ಣೆ ಬಿಟ್ಟು ಕಾಯಿರಿ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ. ನಮ್ಮ ಕಡೆಯ ತೇವಕ್ಕೆ ಟ್ಯಾಂಕಿನೊಳಗೆ ನೀರು ಕೂತು, ಡೀಸೆಲ್ ಮತ್ತು ನೀರಿನ ನಡುವೆ ಕಪ್ಪು ಲೋಳೆ ಬೆಳೆದಿರುತ್ತೆ. ಟ್ಯಾಂಕಿನ ಕೆಳಗೆ ಡೀಸೆಲ್ ಹೊರಬರುವ ಜಾಗದಲ್ಲಿ ಒಂದು ಜಾಲರಿ ಇದೆ, 46 ಎಂ.ಎಂ. ನಟ್ಟು. ಇದನ್ನು ಬಿಚ್ಚಿ ತೊಳೆಯುವವರು ಕಡಿಮೆ. ಗಾಡಿ ಹತ್ತು ಕಿಲೋಮೀಟರ್ ಓಡಿ ಘಾಟಿ ಏರುವಾಗ ಉಸಿರು ಕಟ್ಟಿ ನಿಲ್ಲೋದು ಈ ಜಾಲರಿ ಕಟ್ಟಿದಾಗಲೇ. ಪಂಪಿಗೆ ಮುಂಚೆ ಇರುವ ಚಿಕ್ಕ ಪಾರದರ್ಶಕ ಫಿಲ್ಟರು, ದೊಡ್ಡ ಫಿಲ್ಟರು ಎರಡೂ ಹೊಸದು ಹಾಕಿ. ಇಂಜೆಕ್ಟರಿಂದ ಇಂಜೆಕ್ಟರಿಗೆ ಹೋಗುವ ಬಟ್ಟೆ ಹೊದಿಕೆಯ ರಿಟರ್ನ್ ಪೈಪು ಖಂಡಿತ ಬಿರುಕು ಬಿಟ್ಟಿರುತ್ತೆ, ಅದೂ ಹೊಸದೇ.

ಇಂಜೆಕ್ಟರುಗಳನ್ನು ಬಿಚ್ಚಿ ಪಂಪ್ ಟೆಸ್ಟ್ ಮಾಡುವವರ ಹತ್ತಿರ ಒತ್ತಡ ನೋಡಿಸಿ. ಹೊಸದಕ್ಕೆ 115ರಿಂದ 125 ಬಾರ್, ಓಡಿದ್ದಕ್ಕೆ 100ಕ್ಕಿಂತ ಕೆಳಗೆ ಇಳಿಯಬಾರದು. ಮತ್ತೆ ಕೂರಿಸುವಾಗ ಕೆಳಗಿನ ಶಾಖ ತಡೆಯುವ ವಾಷರ್ ಹೊಸದಿರಲಿ. ಹಳೇದನ್ನೇ ಹಾಕಿದರೆ ಅಲ್ಲಿಂದ ಕಂಪ್ರೆಷನ್ ಸೋರುತ್ತೆ.

ಎಂಜಿನ್ ಆಯಿಲ್ ಡೀಸೆಲ್ ದರ್ಜೆಯ 15ಡಬ್ಲ್ಯು-40, ಸುಮಾರು ಆರೂವರೆ ಲೀಟರ್, ಕೊನೆಗೆ ಗೇಜಿನಲ್ಲಿ ನೋಡಿ ಸರಿಮಾಡಿ. ಟ್ಯಾಪೆಟ್ (ವಾಲ್ವ್) ಸಂದು ಎಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 0.10, ಎಕ್ಸಾಸ್ಟ್ 0.30 ಎಂ.ಎಂ. ಈ ಎಂಜಿನ್ನಿನಲ್ಲಿ ವಾಲ್ವ್ ಸೀಟು ಸವೆದಂತೆ ಸಂದು ಕಮ್ಮಿಯಾಗುತ್ತಾ ಬರುತ್ತೆ, ಸದ್ದು ಮಾಡಲ್ಲ. ಅದಕ್ಕೇ ಯಾರೂ ಗಮನಿಸಲ್ಲ, ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ಲ ಅಂತ ಗ್ಲೋ ಪ್ಲಗ್ ಬದಲಾಯಿಸ್ತಾ ಕೂತಿರ್ತಾರೆ.

ಇಷ್ಟೂ ಆದ ಮೇಲೆ, ಸೆಲ್ಫ್ ಹೊಡೆಯುವ ಮೊದಲು ಬಾನೆಟ್ ಒಳಗೆ ಪಂಪಿನ ಹಿಂಬದಿಯಲ್ಲಿರುವ ‘ಸ್ಟಾಪ್’ ಲಿವರನ್ನೂ ಆಕ್ಸಿಲರೇಟರ್ ಲಿವರನ್ನೂ ಕೈಯಲ್ಲಿ ಆಡಿಸಿ ನೋಡಿ, ಬಿಟ್ಟ ಕೂಡಲೇ ಹಿಂದಕ್ಕೆ ಬರಬೇಕು. ಒಬ್ಬರು ಒಳಗೆ ಕೂತರೆ ಇನ್ನೊಬ್ಬರು ‘ಸ್ಟಾಪ್’ ಲಿವರ್ ಮೇಲೆ ಕೈಯಿಟ್ಟು ನಿಂತಿರಲಿ. ಏರ್ ಕ್ಲೀನರ್ ತೆಗೆದಿಟ್ಟು, ಗಾಳಿ ಎಳೆಯುವ ಬಾಯಿ ಮುಚ್ಚುವಷ್ಟು ಅಗಲದ ಹಲಗೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಬಟ್ಟೆ ಆಗಲ್ಲ, ಒಳಗೆ ಎಳೆದುಕೊಂಡುಬಿಡುತ್ತೆ.

ಮೂರು_ಮೊನೆ:

ಪಂಪ್ ಸರ್ ಎಂಜಿನ್ ವಿಷಯ ಮುಗಿಸಿದ್ದಾರೆ. ನಾನು ಮೋಹದ ಪ್ರಶ್ನೆಗೆ ಬರ್ತೀನಿ.

ಮೊದಲು ಹೆಸರು. ಮರ್ಸಿಡಿಸ್ ಕಾರ್ಲ್ ಬೆಂಜ್ ಮಗಳಲ್ಲ. ಎಮಿಲ್ ಯೆಲಿನೆಕ್ ಅಂತ ಆಸ್ಟ್ರಿಯಾ ಮೂಲದ ವ್ಯಾಪಾರಿ ಫ್ರಾನ್ಸಿನ ನೀಸ್‌ನಲ್ಲಿ ಡೈಮ್ಲರ್ ಕಾರು ಮಾರುತ್ತಿದ್ದ, ರೇಸಿಗೂ ಬಿಡುತ್ತಿದ್ದ. ಆತನ ಮಗಳ ಹೆಸರದು. ಅವನ ಒತ್ತಾಯಕ್ಕೆ ವಿಲ್‌ಹೆಲ್ಮ್ ಮೈಬಾಖ್ ರೂಪಿಸಿದ 35 ಎಚ್‌ಪಿ ಕಾರು 1901ರಲ್ಲಿ ನೀಸ್ ಸ್ಪರ್ಧೆಗಳಲ್ಲಿ ಎಲ್ಲರನ್ನೂ ಹಿಂದಿಕ್ಕಿತು, ಮರುವರ್ಷ ಆ ಹೆಸರೇ ಟ್ರೇಡ್‌ಮಾರ್ಕ್ ಆಯಿತು. ಗಾಟ್ಲೀಬ್ ಡೈಮ್ಲರ್ 1900ರ ಮಾರ್ಚಿನಲ್ಲೇ ತೀರಿಕೊಂಡಿದ್ದರಿಂದ ಆ ಹೆಸರಿನ ಕಾರನ್ನು ಅವನು ನೋಡಲೇ ಇಲ್ಲ. ಬೆಂಜ್ ಆಗ ಪ್ರತಿಸ್ಪರ್ಧಿ ಕಂಪನಿ. ಮೊದಲ ಮಹಾಯುದ್ಧದ ನಂತರದ ದುಡ್ಡಿನ ಬಿಕ್ಕಟ್ಟು ಎರಡನ್ನೂ ಹತ್ತಿರ ತಂದು, 1926ರಲ್ಲಿ ಡೈಮ್ಲರ್-ಬೆಂಜ್ ಹುಟ್ಟಿತು. ಮೂರು ಮೊನೆಯ ನಕ್ಷತ್ರ 1909ರಿಂದ ಡೈಮ್ಲರ್ ಕಡೆಯ ಗುರುತು: ನೆಲ, ನೀರು, ಗಾಳಿ.

ಬೆಂಜ್ ಮನೆಯಲ್ಲಿ ನೆನೆಯಬೇಕಾದವಳು ಮಗಳಲ್ಲ, ಹೆಂಡತಿ. ಕಾರ್ಲ್ 1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಹಾಕಿದ್ದೇನೋ ಸರಿ, ಕೊಳ್ಳುವವರಿಗೆ ನಂಬಿಕೆ ಬಂದಿರಲಿಲ್ಲ. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಗಂಡನಿಗೆ ಹೇಳದೆ, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರ್ ಮೇಲೆ ಓಡಿಸಿದಳು. ಇಂಧನ ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಸಿಕ್ಕಿತು. ಪೈಪು ಕಟ್ಟಿದಾಗ ಟೋಪಿಯ ಪಿನ್ನಿನಲ್ಲಿ ಚುಚ್ಚಿ ಬಿಡಿಸಿದಳು, ಸವೆದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದಳು. ಬ್ರೇಕ್ ಲೈನಿಂಗ್ ಶುರುವಾದದ್ದು ಅಲ್ಲಿಂದ. ಏರು ಹತ್ತಲಾರದೆ ತಳ್ಳಬೇಕಾಯಿತು ಅಂತ ವಾಪಸ್ ಬಂದು ಹೇಳಿದ್ದಕ್ಕೆ ಇನ್ನೊಂದು ಗೇರ್ ಸೇರಿತು.

ಡೀಸೆಲ್ ಹುಚ್ಚು 1936ರ 260ಡಿಯಿಂದ. 45 ಎಚ್‌ಪಿ, ಟ್ಯಾಕ್ಸಿಯವರ ಪ್ರೀತಿಯ ಗಾಡಿ. ನೀವು ನೋಡಿರುವ 240ಡಿಯ ಒಎಂ616 ಎಂಜಿನ್ 1958ರ 190ಡಿಯ ಎಂಜಿನ್ನನ್ನೇ ತಿದ್ದುತ್ತಾ ತಿದ್ದುತ್ತಾ ಬಂದದ್ದು. ಹೊಸದು ತೋರಿಸುವ ಚಪಲಕ್ಕೆ ಬದಲಾಯಿಸಲಿಲ್ಲ, ನನ್ನ ಪ್ರಕಾರ ಇಡೀ ಮರ್ಯಾದೆ ನಿಂತಿರೋದು ಅದರ ಮೇಲೆ. ಗ್ರೀಸಿನ ಒಂದು 240ಡಿ ಟ್ಯಾಕ್ಸಿ 46 ಲಕ್ಷ ಕಿ.ಮೀ. ಓಡಿ ಕಂಪನಿಯ ಮ್ಯೂಸಿಯಂ ಸೇರಿದೆ. ಆದರೆ ಹಾಗೆ ಹೇಳಿ ಗಾಡಿ ಮಾರುವವರು ನುಂಗಿಕೊಳ್ಳೋ ಮಾತೊಂದಿದೆ: ಅದು ಒಂದೇ ಎಂಜಿನ್ನಿನಲ್ಲಿ ಓಡಿದ್ದಲ್ಲ, ಬಿಚ್ಚಿ ಕಟ್ಟಿದ ಎಂಜಿನ್ನುಗಳನ್ನು ಅದಲುಬದಲು ಮಾಡುತ್ತಾ ಓಡಿಸಿದ್ದು.

ಸುರಕ್ಷತೆಯ ಲೆಕ್ಕವೂ ಇದೆ. ಡಿಕ್ಕಿಯಾದಾಗ ಮುಂದು ಹಿಂದು ಕುಸಿದು ಜನ ಕೂರುವ ಗೂಡು ಮಾತ್ರ ಗಟ್ಟಿ ನಿಲ್ಲಬೇಕು ಅನ್ನೋದು ಬೇಲಾ ಬರೆನಿಯ 1951ರ ಪೇಟೆಂಟ್. 1959ರಿಂದ ಕಾರುಗಳಲ್ಲಿ ಬಂತು.

ಇನ್ನು ನಮ್ಮಲ್ಲಿ ನಕ್ಷತ್ರ ಊರೂರಿಗೆ ಬಂದದ್ದು ಕಾರಿನಲ್ಲಲ್ಲ, ಲಾರಿಯಲ್ಲಿ. ಟೆಲ್ಕೊ (ಈಗಿನ ಟಾಟಾ ಮೋಟರ್ಸ್) 1954ರಲ್ಲಿ ಡೈಮ್ಲರ್-ಬೆಂಜ್ ಜತೆ ಕೂಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಿತು. ಒಪ್ಪಂದ ಮುಗಿಯುವ 1969ರ ತನಕ ಟಾಟಾ ಲಾರಿಯ ಮೂತಿ ಮೇಲೆ ಇದೇ ನಕ್ಷತ್ರ. ಹಳಬರ ಬಾಯಲ್ಲಿ ‘ಬೆಂಜ್ ಲಾರಿ’ ಉಳಿದಿರೋದು ಅದಕ್ಕೇ. ಕಾರಿಗಿಂತ ಮೊದಲು ನಂಬಿಕೆ ಗಳಿಸಿದ್ದು ಆ ಲಾರಿ.

ಒಂಟಿ_ವೈಪರ್:

ಇ220 ಬಗ್ಗೆ ಯಾರೂ ಹೇಳ್ತಿಲ್ಲ, ಪಾಪ. ಓಡಿಸೋಕೆ ಅದೇ ಮೇಲು. 150 ಎಚ್‌ಪಿ ಇದೆ. 240ಡಿಯಲ್ಲಿ ಇರೋದು ಮೊದಲಿನವಕ್ಕೆ 65, 1978ರ ನಂತರದವಕ್ಕೆ 72. ಚಾರ್ಮಾಡಿ ಏರುವಾಗ ಹಿಂದೆ ಕೆಎಸ್‌ಆರ್‌ಟಿಸಿ ಬಸ್ಸು ಹಾರ್ನ್ ಹೊಡೀತಾನೇ ಇರುತ್ತೆ, ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡೇ 240ಡಿ ತಗೋಬೇಕು. ಡಬ್ಲ್ಯು124ರ ಒಂದೇ ವೈಪರ್ ಮೂಲೆಗೆ ಹೋದಾಗ ತಾನೇ ಉದ್ದವಾಗಿ ಗಾಜಿನ 86 ಶೇಕಡಾ ಒರೆಸುತ್ತೆ. ಮಲೆನಾಡಿನ ಜುಲೈಗೆ ಅದಕ್ಕಿಂತ ಬೇಕಿಲ್ಲ. ಆದರೆ ಅದರ ಹಲ್ಲುಗಳ ಗ್ರೀಸ್ ಒಣಗಿದರೆ ಮಧ್ಯದಲ್ಲೇ ನಿಲ್ಲುತ್ತೆ, ಮೇ ತಿಂಗಳಲ್ಲೇ ಬಿಚ್ಚಿ ಗ್ರೀಸ್ ತುಂಬಿಸಿ.

ಆ ಇ220ಯಲ್ಲಿ ನೋಡಬೇಕಾದ್ದು ಮುಖ್ಯವಾಗಿ ಎಂಜಿನ್ ವೈರಿಂಗ್. ತೊಂಬತ್ತರ ದಶಕದ ಮೊದಲರ್ಧದಲ್ಲಿ ಹಾಕಿದ ವೈರಿನ ಹೊದಿಕೆ ಬಿಸಿಗೆ ಪುಡಿಯಾಗಿ ಉದುರುತ್ತೆ. ಎಂಜಿನ್ ಆರಿಸಿ, ಇಂಜೆಕ್ಟರ್ ಹತ್ತಿರದ ಒಂದು ವೈರನ್ನು ಮೆಲ್ಲಗೆ ಬಗ್ಗಿಸಿ. ಹಪ್ಪಳದಂತೆ ಮುರಿದರೆ ಇಡೀ ಹಾರ್ನೆಸ್ ಬದಲಾಯಿಸಬೇಕು, ಟೇಪು ಸುತ್ತಿ ಪ್ರಯೋಜನವಿಲ್ಲ. ವೈರುಗಳು ಒಂದಕ್ಕೊಂದು ತಾಗಿ ಕಂಪ್ಯೂಟರನ್ನೂ ಸುಡುತ್ತವೆ. ಹೆಡ್ ಗ್ಯಾಸ್ಕೆಟಿನ ಹಿಂದಿನ ಮೂಲೆಯಲ್ಲಿ ಆಯಿಲ್ ಒಸರುತ್ತಿದೆಯಾ ನೋಡಿ, ಜ್ಯಾಕ್ ಕೊಡುವ ಜಾಗದ ಪ್ಲಾಸ್ಟಿಕ್ ಮುಚ್ಚಳ ತೆಗೆದು ತುಕ್ಕು ನೋಡಿ.

ಇದೇ ಮಾಡೆಲ್ಲಿನ ಇ250 ಡೀಸೆಲ್ ಸಿಕ್ಕರೆ ಅದಕ್ಕೆ ಬೇರೆ ಕಾಯಿಲೆ. ಎಂಜಿನ್ ಮುಂದಿನ ವ್ಯಾಕ್ಯೂಮ್ ಪಂಪಿನ ಬೇರಿಂಗ್ ಒಡೆದು ಚೂರುಗಳು ಟೈಮಿಂಗ್ ಚೈನಿಗೆ ಬೀಳುತ್ತವೆ. ಆಮೇಲೆ ಎಂಜಿನ್ ಕಥೆ ಮುಗಿದ ಹಾಗೆ.

ಕೊಟ್ಟಿಗೆಹಾರ_ಮಳೆ:

ಎಲ್ಲರಿಗೂ ಥ್ಯಾಂಕ್ಸ್. ಶೆಡ್ಡಿನ ಗಾಡಿ ನೋಡಿ ಬಂದೆ. ರೇಡಿಯೇಟರ್ ಮೇಲಿನ ಪಟ್ಟಿಯ ಪ್ಲೇಟಿನಲ್ಲಿ ನಂಬರು 123.123, ಆಮೇಲೆ 20 ಅಂತಿದೆ. ಬ್ಯಾಟರಿ ತಟ್ಟೆ ತುಕ್ಕು ಹಿಡಿದು ತೂತಾಗಿದೆ. ಡ್ರೈವರ್ ಕಡೆ ಮ್ಯಾಟ್ ಎತ್ತಿದರೆ ಒದ್ದೆ. ಈ ಗಾಡಿ ಮುಂಚೆಯೂ ಕೀ ತೆಗೆದರೆ ಆಫ್ ಆಗ್ತಿರಲಿಲ್ಲ, ಬಾನೆಟ್ ಎತ್ತಿ ನಿಲ್ಲಿಸ್ತಿದ್ರು ಅಂತ ತೋಟದ ರೈಟರು ಹೇಳಿದರು. ಪಂಪ್ ಹೋಗಿದೆಯಾ?

ಡೀಸೆಲ್_ಪಂಪ್_ಹಾಸನ:

ಡೀಸೆಲ್ ಪಂಪ್ ಅಲ್ಲ, ವ್ಯಾಕ್ಯೂಮ್ (ಗಾಳಿ ಹೀರಿ ಮಾಡುವ ಎಳೆತ). ಈ ಎಂಜಿನ್ ನಿಲ್ಲೋದು ಕರೆಂಟಿನಿಂದಲ್ಲ. ಕೀ ತಿರುಗಿಸಿದಾಗ ವ್ಯಾಕ್ಯೂಮ್ ತಲುಪಿ ಡೀಸೆಲ್ ಪಂಪಿನ ಹಿಂದಿನ ಡಯಾಫ್ರಂ (ರಬ್ಬರ್ ಪರದೆ) ಎಳೆದು ಡೀಸೆಲ್ ನಿಲ್ಲಿಸುತ್ತೆ. ಬಾಗಿಲ ಲಾಕುಗಳೂ ಅದೇ ವ್ಯಾಕ್ಯೂಮಿನವು, ಹಾಗಾಗಿ ಹಿಂದಿನ ಬಾಗಿಲಲ್ಲಿ ಒಂದು ರಬ್ಬರ್ ಹರಿದರೂ ಎಂಜಿನ್ ನಿಲ್ಲದೇ ಹೋಗಬಹುದು. ಲಾಕಿನ ಲೈನನ್ನು ಪ್ರತ್ಯೇಕಿಸಿ ಮುಚ್ಚಿ ನೋಡಿ: ಆಗ ಎಂಜಿನ್ ನಿಂತರೆ ಸೋರಿಕೆ ಬಾಗಿಲಲ್ಲಿದೆ. ಇಗ್ನಿಷನ್ ಸ್ವಿಚ್ಚಿನ ಹಿಂದಿನ ಪೈಪಿನಲ್ಲಿ ಎಂಜಿನ್ ಆಯಿಲ್ ಕಂಡರೆ ಡಯಾಫ್ರಂ ಹರಿದಿದೆ.

ಬ್ರೇಕಿಗೆ ಬಲ ಕೊಡುವ ಬೂಸ್ಟರಿಗೂ ಅದೇ ವ್ಯಾಕ್ಯೂಮ್ ಪಂಪಿನ ಎಳೆತವೇ ಅನ್ನೋದು ಮರೀಬೇಡಿ. ಸೋರಿಕೆ ಮುಚ್ಚುವ ತನಕ ಘಾಟಿ ಇಳಿಸಬೇಡಿ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಇದೆ, ಕ್ಯಾಲಿಪರ್ ಪಿಸ್ಟನ್ ಜಾಮ್ ಆಗಿರುತ್ತವೆ. ರಬ್ಬರ್ ಹೋಸು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿರುತ್ತೆ, ಬ್ರೇಕ್ ಹಿಡಿದು ಬಿಡದೇ ಇರೋದು ಅದರಿಂದ. ಹೊಸ ಹೋಸು, ಡಾಟ್ 4 ಎಣ್ಣೆ.

ಸ್ಟಾರ್ಟ್ ಆದ ಮೇಲೆ ಕಂಪ್ರೆಷನ್ ನೋಡಿಸಿ. 22ರಿಂದ 24 ಬಾರ್ ಇದ್ದರೆ ಒಳ್ಳೇದು. 15ಕ್ಕಿಂತ ಕೆಳಗಿದ್ದರೆ, ಅಥವಾ ಸಿಲಿಂಡರಿಂದ ಸಿಲಿಂಡರಿಗೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಂಜಿನ್ ಬಿಚ್ಚಬೇಕು. ಪೆಟ್ರೋಲ್ ಗಾಡಿಯ ಗೇಜಿನಲ್ಲಿ ಅಳೆಯಲು ಬರಲ್ಲ.

ಮೂರು_ಮೊನೆ:

123.123 ಅಂದರೆ ಅಸಲಿ 240ಡಿ, 20 ಅಂದರೆ ಬಲಗಡೆ ಸ್ಟೀರಿಂಗ್, ಮ್ಯಾನ್ಯುಯಲ್. ಅದೇ ನಂಬರು ಬಾನೆಟ್ ಒಳಗೆ ಫೈರ್‌ವಾಲ್ ಮೇಲೂ ಕೊರೆದಿರುತ್ತೆ, ಆರ್‌ಸಿ ಜತೆ ಅಕ್ಷರ ಅಕ್ಷರ ತಾಳೆ ನೋಡಿ. ಎಂಜಿನ್ ನಂಬರು 616ರಿಂದ ಶುರುವಾಗಬೇಕು. ಬೇರೆ ಯಾವುದೋ ಎಂಜಿನ್ ಕೂರಿಸಿದ ಗಾಡಿಗಳು ಬೇಕಾದಷ್ಟಿವೆ.

ಒದ್ದೆ ನೆಲ ನನಗೆ ಎಂಜಿನ್ನಿಗಿಂತ ಹೆಚ್ಚು ಚಿಂತೆ. ಗಾಜಿನ ಕೆಳಗೆ ಗಾಳಿ ಹೋಗುವ ಜಾಗದಲ್ಲಿ ಎಲೆ ಕೊಳೆತು ನೀರಿನ ದಾರಿ ಕಟ್ಟಿ ಒಳಗಿಳಿದಿದೆ. ಮ್ಯಾಟ್ ಪೂರ್ತಿ ಕಿತ್ತು ಸ್ಕ್ರೂಡ್ರೈವರ್ ಹಿಡಿಯಲ್ಲಿ ನೆಲ ಕುಟ್ಟಿ ನೋಡಿ. ಠಣ್ ಅಂದರೆ ಸರಿ, ಮೆತ್ತಗಿದ್ದರೆ ವೆಲ್ಡಿಂಗ್. ಚಾಸಿಸ್ ಕೋಲಿಗೆ, ಸಸ್ಪೆನ್ಷನ್ ಕೂರುವ ಜಾಗಕ್ಕೆ ತುಕ್ಕು ಹೋಗಿದ್ದರೆ ಬಿಟ್ಟು ಬನ್ನಿ. ಮುಂದಿನ ಮಡ್‌ಗಾರ್ಡ್ ಬೋಲ್ಟಿನವು, ಬ್ಯಾಟರಿ ತಟ್ಟೆ ಬೇರೆ ತಗಡು ಹಾಕಿ ಕೂರಿಸಬಹುದು. ಅವು ಬೆಲೆ ಇಳಿಸೋಕೆ ಕಾರಣ ಅಷ್ಟೇ, ಬಿಡೋಕೆ ಅಲ್ಲ.

ಕಾಗದಪತ್ರ: ತಂದೆಯ ಹೆಸರಿಂದ ನೇರ ನಿಮಗೆ ಆಗಲ್ಲ. ಫಾರಂ 31ರಲ್ಲಿ ಮೊದಲು ಮಗನ ಹೆಸರಿಗೆ, ಆಮೇಲೆ 29 ಮತ್ತು 30ರಲ್ಲಿ ನಿಮಗೆ. ರಿಜಿಸ್ಟ್ರೇಷನ್ ಅವಧಿ ಮುಗಿದಿದ್ದರೆ ಫಾರಂ 25, ಗಾಡಿ ಆರ್‌ಟಿಒ ಮುಂದೆ ನಿಲ್ಲಬೇಕು, ತಡವಾದ ತಿಂಗಳುಗಳಿಗೆ ದಂಡವೂ ಸೇರುತ್ತೆ. ಆ ಲೆಕ್ಕ ಅಡ್ವಾನ್ಸ್ ಕೊಡುವ ಮುಂಚೆಯೇ ಹಾಕಿಸಿ, ಅಷ್ಟನ್ನೂ ಬೆಲೆಯಲ್ಲಿ ಕಳೆಯಿರಿ. ಡಬ್ಲ್ಯು123 ನಮ್ಮ ದೇಶದಲ್ಲಿ ತಯಾರಾದದ್ದಲ್ಲ, ಆಮದಿನ ಕಸ್ಟಮ್ಸ್ ಕಾಗದ ಇದೆಯಾ ಅಂತಲೂ ಮಗನ ಹತ್ತಿರ ಕೇಳಿ.