ಅಂಕೋಲಾದಿಂದ ಮೊದಲ ಆಡಿಷನ್: ಹೋಗಿ ಬಂದವರು ಸ್ವಲ್ಪ ಹೇಳಿ

ನಮಸ್ಕಾರ. ನಾನು ಅಂಕೋಲಾದವಳು, ವಯಸ್ಸು 23. ಕಾರವಾರದಲ್ಲಿ ಕೆಲಸ. ಕಾಲೇಜಿನಲ್ಲಿ ಮೂರು ನಾಟಕ ಮಾಡಿದ್ದೇನೆ, ಅಷ್ಟೇ ಅನುಭವ. ಒಂದು ಧಾರಾವಾಹಿಗೆ ಫೋಟೊ ಕಳಿಸಿದ್ದೆ. ಈಗ ಒಂದು ನಿಮಿಷದ ವಿಡಿಯೊ ಕಳಿಸಿ, ಹಿಡಿಸಿದರೆ ಬೆಂಗಳೂರಿಗೆ ಕರೆಯುತ್ತೇವೆ ಎಂದಿದ್ದಾರೆ. ಏನು ಹಾಕಿಕೊಳ್ಳಬೇಕು? ಹೇಗೆ ಮಾತಾಡಬೇಕು? ದುಡ್ಡು ಸುರಿದು ಫೋಟೊಗಳ ಪೋರ್ಟ್‌ಫೋಲಿಯೊ ಮಾಡಿಸಲೇಬೇಕಾ? ನನ್ನ ಕನ್ನಡದಲ್ಲಿ ಕೊಂಕಣಿ ರಾಗ ಇದೆ ಅಂತ ಎಲ್ಲರೂ ಹೇಳುತ್ತಾರೆ. ಅದೇ ದೊಡ್ಡ ಹೆದರಿಕೆ.

ಶಿರಸಿಯಿಂದ:

ಆರು ವರ್ಷದಿಂದ ಆಡಿಷನ್ ಕೊಡುತ್ತಿದ್ದೇನೆ. ನಲವತ್ತರ ಹತ್ತಿರ ಆಗಿರಬಹುದು, ಪಾತ್ರ ಸಿಕ್ಕಿದ್ದು ಐದು. ಅಷ್ಟು ಸಿಗುವುದೇ ದೊಡ್ಡದು ಅಂತ ಈಗ ಗೊತ್ತಾಗಿದೆ.

ಮೊದಲ ಸಲ ರಾತ್ರಿ ಬಸ್ಸಿಗೆ ಹೊರಟು ಮೆಜೆಸ್ಟಿಕ್‌ನಲ್ಲಿ ಇಳಿದು ಸೀದಾ ಆಫೀಸಿಗೆ ಹೋದೆ. ನಿದ್ದೆ ಇಲ್ಲ, ಕಣ್ಣು ಕೆಂಪು. ಮೈಮೇಲೆ ಅದಕ್ಕೆಂದೇ ತಗೊಂಡ ಸಣ್ಣ ಚೌಕಳಿಯ ಹೊಸ ಅಂಗಿ. ಕ್ಯಾಮೆರಾದ ಹುಡುಗ ಏನೂ ಹೇಳದೆ ಮಾನಿಟರ್ ನನ್ನ ಕಡೆ ತಿರುಗಿಸಿದ. ಅಂಗಿಯ ಗೆರೆಗಳೆಲ್ಲ ಹುಳ ಹರಿದ ಹಾಗೆ ಅಲುಗಾಡುತ್ತಿದ್ದವು. ಸಣ್ಣ ಚೌಕಳಿ, ಸಣ್ಣ ಪಟ್ಟಿ ಕ್ಯಾಮೆರಾದಲ್ಲಿ ಹಾಗೇ ಕಾಣುತ್ತವೆ. ನೋಡುವವರ ಕಣ್ಣು ಮುಖಕ್ಕೆ ಹೋಗುವುದೇ ಇಲ್ಲ. ಅವತ್ತಿನಿಂದ ಒಂದೇ ಬಣ್ಣದ ಬಟ್ಟೆ: ನೀಲಿ, ಹಸಿರು, ಮಣ್ಣಿನ ಬಣ್ಣ. ಅಚ್ಚ ಬಿಳಿ ಬೇಡ. ಎದೆ ಮೇಲೆ ಕಂಪನಿ ಹೆಸರು, ಬರಹ ಇರುವುದೂ ಬೇಡ. ಪಾತ್ರ ಹಳ್ಳಿ ಹುಡುಗಿಯದು ಅಂತ ಲಂಗ ದಾವಣಿ ತೊಟ್ಟು ಹೋಗಬೇಡಿ. ಆ ಪಾತ್ರದ ನೆರಳು ಕಂಡರೆ ಸಾಕು, ಒಂದು ಸರಳ ಕಾಟನ್ ಚೂಡಿದಾರ್ ಸಾಕಾಗುತ್ತದೆ. ಕೂದಲು ಹಣೆ ಮೇಲೆ ಬೀಳದಿರಲಿ.

ವಿಡಿಯೊ ಶುರುವಿಗೆ ಇಂಟ್ರೊ ಕೇಳುತ್ತಾರೆ. ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳು, ಹಿಂದೆ ಮಾಡಿದ ಕೆಲಸ. ಆಮೇಲೆ ಮುಖವನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ತೋರಿಸಬೇಕು. ಇಷ್ಟನ್ನು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸಿ. ಇಂಟ್ರೊ ಹೇಳುವಾಗ ಕ್ಯಾಮೆರಾವನ್ನೇ ನೋಡಬೇಕು. ದೃಶ್ಯ ಮಾಡುವಾಗ ನೋಡಬಾರದು, ಲೆನ್ಸಿನ ಪಕ್ಕಕ್ಕೇ ಒಂದು ಜಾಗ ಗುರುತು ಮಾಡಿಕೊಂಡು ಅಲ್ಲಿ ನೋಡಬೇಕು. ಇದನ್ನು ನನಗೆ ಮೊದಲು ಯಾರೂ ಹೇಳಿರಲಿಲ್ಲ.

ಇನ್ನು ಬೆಳಕು. ನಮ್ಮ ಕಡೆ ಮನೆ ಒಳಗೆ ಹಗಲಲ್ಲೂ ಕತ್ತಲೆ, ಗೊತ್ತಲ್ವಾ. ನಾನು ಮೆತ್ತಿಗೆ, ಅಂದರೆ ಮಹಡಿಗೆ, ಹತ್ತಿ ಕಿಟಕಿಗೆ ಮುಖ ಮಾಡಿ ನಿಲ್ಲುತ್ತೇನೆ. ಅಡಿಕೆ ಚೀಲ ಒಂದರ ಮೇಲೊಂದು ಪೇರಿಸಿ, ಫೋನು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಅಡ್ಡ ಇಡುತ್ತೇನೆ. ಹಿಂದೆ ಖಾಲಿ ಗೋಡೆ. ಕಿಟಕಿ ಬೆನ್ನಿಗೆ ಬಂದರೆ ಮುಖ ಕಪ್ಪಾಗಿಬಿಡುತ್ತದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಮಾತ್ರ ಮಾಡಲೇಬೇಡಿ. ಎಷ್ಟು ಚೆನ್ನಾಗಿ ಮಾಡಿದರೂ ಮಳೆ ಸದ್ದಲ್ಲಿ ಒಂದು ಮಾತೂ ಕೇಳುವುದಿಲ್ಲ.

ಪೋರ್ಟ್‌ಫೋಲಿಯೊ ಈಗಲೇ ಬೇಡ. ಮುಖದ್ದೊಂದು, ಸೊಂಟದವರೆಗೆ ಒಂದು, ಪೂರ್ತಿ ನಿಂತದ್ದೊಂದು ಫೋಟೊ ಸಾಕು. ಫಿಲ್ಟರ್ ಹಾಕಬೇಡಿ. ಫೋಟೊದಲ್ಲಿದ್ದ ಮುಖವೇ ಬಾಗಿಲಲ್ಲಿ ನಿಂತಿರಬೇಕು ಅಂತ ಅವರು ನಿರೀಕ್ಷಿಸುತ್ತಾರೆ.

ಕುಮಟಾದಿಂದ:

ತಂಗಿ, ನಾನು ಹದಿನಾಲ್ಕನೇ ವಯಸ್ಸಿಗೆ ಗೆಜ್ಜೆ ಕಟ್ಟಿದವ. ಬಡಗುತಿಟ್ಟಿನ ಯಕ್ಷಗಾನ ಮೇಳದಲ್ಲಿ ತಿರುಗಾಟ ಮಾಡಿದ್ದೇನೆ. ಎರಡು ಸಿನಿಮಾದಲ್ಲಿ ಸಣ್ಣ ಪಾತ್ರವೂ ಆಯಿತು.

ಬಯಲಾಟದಲ್ಲಿ ಕೊನೆ ಸಾಲಿನ ಅಜ್ಜನಿಗೂ ಹುಬ್ಬು ಏರಿದ್ದು ಕಾಣಬೇಕು, ಮಾತು ಮುಟ್ಟಬೇಕು. ಕ್ಯಾಮೆರಾ ನಿನ್ನ ಮುಖದ ಎದುರಿಗೇ ಇರುತ್ತದೆ. ಅಲ್ಲಿ ಅದೇ ಹುಬ್ಬು ಏರಿಸಿದರೆ ಜಾಸ್ತಿ ಆಯಿತು ಎನ್ನುತ್ತಾರೆ. ನನಗೂ ಅಂದರು. ಮೊದಲು ಬೇಜಾರಾಯಿತು, ಇಪ್ಪತ್ತು ವರ್ಷ ವೇಷ ಮಾಡಿದವನಿಗೆ ಹೀಗಾ ಅಂತ. ಆದರೆ ಎರಡನೇ ಸಲ ಕಡಿಮೆ ಮಾಡಿ ತೋರಿಸಿದೆ. ಪಾತ್ರ ಸಿಕ್ಕಿದ್ದು ಆ ಎರಡನೇ ಸಲದಿಂದ. ಇನ್ನೊಮ್ಮೆ ಬೇರೆ ಥರ ಮಾಡಿ ಎಂದರೆ ನೀನು ತಪ್ಪು ಮಾಡಿದೆ ಎಂದಲ್ಲ. ಹೇಳಿದ್ದು ನಿನ್ನ ಕಿವಿಗೆ ಬೀಳುತ್ತದಾ, ಅದರಂತೆ ಬದಲಾಗುತ್ತೀಯಾ ಅಂತ ನೋಡುವುದು. ಯಾಕೆ ಅಂತ ವಾದ ಹೂಡಬೇಡ, ಕ್ಷಮೆಯನ್ನೂ ಕೇಳುತ್ತಾ ಕೂರಬೇಡ. ಸರಿ ಎಂದು ಮಾಡು.

ಆಟದಿಂದ ಕ್ಯಾಮೆರಾಕ್ಕೆ ಒಯ್ಯಬೇಕಾದ್ದು ಬೇರೆ ಇದೆ. ನಮ್ಮಲ್ಲಿ ಅರ್ಥ, ಅಂದರೆ ವೇಷದವರು ಆಡುವ ಮಾತು, ಬಾಯಿಪಾಠ ಅಲ್ಲ. ಎದುರು ವೇಷದವರು ಏನಂದರು ಅಂತ ಕೇಳಿಯೇ ಉತ್ತರ ಕೊಡಬೇಕು. ಆಡಿಷನ್‌ನಲ್ಲಿ ಎದುರಿನ ಮಾತನ್ನು ಯಾರೋ ಸಹಾಯಕರು ಸುಮ್ನೆ ಓದಿ ಹೇಳುತ್ತಾರೆ, ಭಾವ ಇರುವುದಿಲ್ಲ. ಆದರೂ ಪೂರ್ತಿ ಕೇಳು, ಆಮೇಲೆ ಮಾತಾಡು. ಕೇಳುವ ಮುಖ ಕ್ಯಾಮೆರಾಕ್ಕೆ ಬಹಳ ಇಷ್ಟ. ಇನ್ನೊಂದು ಚೌಕಿಯ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದ, ಶಿಸ್ತು. ಹೊತ್ತಿಗೆ ಮುಂಚೆ ಬರುವುದು, ನಮ್ಮ ಜಾಗದಲ್ಲಿ ಕೂರುವುದು, ಬೇರೆಯವರು ತಯಾರಾಗುವಾಗ ಮಾತಿಗೆ ಎಳೆಯದಿರುವುದು. ಕಾಯುವ ಕೋಣೆಯಲ್ಲಿ ಇದನ್ನೇ ಮಾಡು. ಬಾಗಿಲಲ್ಲಿ ಹೆಸರು ಬರೆದುಕೊಳ್ಳುವವರಿಗೂ ನಮಸ್ಕಾರ ಹೇಳು.

ಕಾರವಾರದಿಂದ:

ನಾನು ಎರಡು ವರ್ಷ ಬೆಂಗಳೂರಿನಲ್ಲಿ ಪಾತ್ರಕ್ಕೆ ನಟರನ್ನು ಆರಿಸುವ ಕಾಸ್ಟಿಂಗ್ ತಂಡದಲ್ಲಿದ್ದೆ. ಬಂದ ವಿಡಿಯೊ ನೋಡಿ ಪಟ್ಟಿ ಮಾಡುವುದು ನನ್ನ ಕೆಲಸ. ಹಾಗಾಗಿ ಆ ಕಡೆಯಿಂದ ಹೇಳುತ್ತೇನೆ.

ಒಳ್ಳೆಯ ನಟರು ಎಷ್ಟೋ ಜನ ಬಿಟ್ಟುಹೋಗುವುದು ಫೈಲಿನಿಂದ. ಡ್ರೈವ್ ಲಿಂಕ್ ಕಳಿಸುತ್ತಾರೆ, ಅದು ತೆರೆಯುವುದಿಲ್ಲ, ಅನುಮತಿ ಕೇಳುತ್ತದೆ. ರಾತ್ರಿ ಹನ್ನೊಂದಕ್ಕೆ ಇನ್ನೂರು ವಿಡಿಯೊ ನೋಡುತ್ತಿರುವಾಗ ಅನುಮತಿಗೆ ಕಾಯುವುದಕ್ಕೆ ಆಗುವುದಿಲ್ಲ, ಮುಂದಿನದಕ್ಕೆ ಹೋಗುತ್ತೇವೆ. ಕಳಿಸುವ ಮೊದಲು ಆ ಲಿಂಕನ್ನು ಅಣ್ಣನದೋ ತಂಗಿಯದೋ ಫೋನಿನಲ್ಲಿ ತೆರೆದು ನೋಡಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಫೈಲಿಗೆ ನಿಮ್ಮ ಹೆಸರು, ವಯಸ್ಸು, ಪಾತ್ರದ ಹೆಸರು ಇಡಿ. ಫೋನು ತಾನೇ ಕೊಟ್ಟ ಅಂಕಿಗಳ ಹೆಸರಿನಲ್ಲಿ ಬಂದ ಫೈಲು ಯಾರದು ಅಂತ ಹುಡುಕಲು ಸಾಧ್ಯವೇ ಇಲ್ಲ.

ಬರದೇ ಇರುವುದನ್ನು ಬರುತ್ತದೆ ಎನ್ನಬೇಡಿ. ಕಡಲೂರಿನವರು ಅಂದ ಕೂಡಲೇ ಈಜು ಬರುತ್ತದಾ ಅಂತ ಕೇಳುತ್ತಾರೆ. ಒಬ್ಬ ಹುಡುಗ ಹೂಂ ಅಂದಿದ್ದ. ಶೂಟಿಂಗ್ ದಿನ ಹೊಳೆ ದಂಡೆಯಲ್ಲಿ ನಿಂತು ಬರುವುದಿಲ್ಲ ಎಂದ. ಅವನ ಹೆಸರು ಯಾರ ಪಟ್ಟಿಯಲ್ಲೂ ಮತ್ತೆ ಬರಲಿಲ್ಲ.

ಕೊಂಕಣಿ ರಾಗಕ್ಕೆ ಹೆದರಬೇಡಿ. ಕೊಂಕಣಿ, ಮರಾಠಿ, ಹಿಂದಿ ಎಷ್ಟು ಬಂದರೂ ಹೇಳಿ. ಕರಾವಳಿಯ ಕಥೆಗೆ ಆ ರಾಗವನ್ನೇ ಹುಡುಕುತ್ತಾರೆ, ಕಲಿಸಿ ಬರಿಸಲು ಆಗದು.

ಶಿರಸಿಯಿಂದ, ಮತ್ತೆ:

ಇದನ್ನು ಪೂರ್ತಿ ಒಪ್ಪಲಾರೆ. ಕರಾವಳಿ ಕಥೆ ವರ್ಷಕ್ಕೆ ಎಷ್ಟು ಬರುತ್ತದೆ? ನನ್ನ ಹವ್ಯಕ ರಾಗದಿಂದ ಎರಡು ಪಾತ್ರ ಕೈತಪ್ಪಿದೆ, ಮುಖಕ್ಕೇ ಹೇಳಿದರು. ಊರಿನ ಮಾತು ಬಿಡಬೇಡಿ. ಆದರೆ ಬೆಂಗಳೂರು ಮೈಸೂರು ಕಡೆಯ ಮಾತೂ ನಾಲಿಗೆಗೆ ಬರಲಿ. ನಾನು ದಿನಾ ಬೆಳಿಗ್ಗೆ ಪೇಪರಿನ ಒಂದು ಪುಟ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕೇಳುತ್ತೇನೆ. ಎಲ್ಲಿ ರಾಗ ಎಳೆಯುತ್ತದೆ ಅಂತ ನಮಗೇ ಕೇಳಿಸುತ್ತದೆ.

ಹೊನ್ನಾವರದಿಂದ:

ನಾನು ನಟಿ ಅಲ್ಲ, ತಾಯಿ. ನಮ್ಮ ಮಗಳಿಗೆ ಪಾತ್ರ ಖಚಿತ, ಕಲಾವಿದರ ಕಾರ್ಡ್ ಮಾಡಿಸಲು ಐದು ಸಾವಿರ ಹಾಕಿ ಎಂದು ಒಬ್ಬರು ಫೋನ್ ಮಾಡಿದರು. ಹಾಕಿದೆವು. ಮಾರನೇ ದಿನ ನಂಬರ್ ಸ್ವಿಚ್ ಆಫ್. ಪಾತ್ರ ಕೊಡುವವರು ನಮಗೆ ದುಡ್ಡು ಕೊಡಬೇಕು, ನಾವು ಅವರಿಗಲ್ಲ. ಮಗಳು ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಡಿಷನ್ ಆಫೀಸಿನಲ್ಲೋ ಸ್ಟುಡಿಯೊದಲ್ಲೋ ಇರಲಿ. ಹೋಟೆಲ್ ರೂಮಿಗೆ ಬಾ ಎಂದರೆ ಹೋಗಬೇಡಮ್ಮ. ಮನೆಯವರೊಬ್ಬರು ಜೊತೆಗಿರಲಿ, ಹೊರಗೆ ಕೂತರೂ ಸಾಕು. ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. ಅದು ನೌಕರಿಯಲ್ಲಿರುವ ಹೆಂಗಸರಿಗೆ ಮಾತ್ರ ಅಲ್ಲ, ಇನ್ನೂ ಕೆಲಸಕ್ಕೆ ಸೇರದವರೂ ದೂರು ಕೊಡಬಹುದು.

ಸಿದ್ದಾಪುರದಿಂದ:

ಈ ಆಡಿಷನ್‌ಗಲ್ಲ, ಮುಂದಿನ ಮಾತು. ನಟನೆಯನ್ನೇ ಹಿಡಿಯುವ ಮನಸ್ಸಿದ್ದರೆ ಹೆಗ್ಗೋಡಿನ ನೀನಾಸಮ್ ನಮ್ಮಿಂದ ದೂರವಿಲ್ಲ. 1949ರಲ್ಲಿ ಶುರುವಾದ ಸಂಸ್ಥೆ, 1980ರಿಂದ ಅಲ್ಲಿ ರಂಗಶಿಕ್ಷಣ ಕೇಂದ್ರವೂ ಇದೆ. ಒಂದು ವರ್ಷದ ಕಲಿಕೆ. ಅಲ್ಲಿ ಕಲಿತ ನನ್ನ ಗೆಳೆಯ ಸುಮ್ಮನೆ ನಿಂತರೂ ಕೈ ಎಲ್ಲಿಡಬೇಕು ಎಂದು ತಡಕಾಡುವುದಿಲ್ಲ. ನಾನು ತಡಕಾಡುತ್ತೇನೆ.

ಕೇಳಿದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ನಾಲ್ಕು ಗಂಟೆಗೆ ಕಿಟಕಿ ಬೆಳಕಲ್ಲಿ ಮಾಡಿದೆ, ನೀಲಿ ಕುರ್ತಾ. ಅಪ್ಪ ಎದುರಿನ ಮಾತು ಓದಿದರು. ಮೊದಲ ಎರಡು ಸಲ ಅವರು ಓದಿ ಮುಗಿಸುವ ಮೊದಲೇ ನಾನು ಶುರು ಮಾಡಿಬಿಡುತ್ತಿದ್ದೆ. ಮೂರನೇ ಸಲ ಕೇಳಿಸಿಕೊಂಡೆ, ಅದನ್ನೇ ಕಳಿಸಿದೆ. ಲಿಂಕ್ ಅಮ್ಮನ ಫೋನಿನಲ್ಲಿ ತೆರೆಯಿತು. ಭಾಷೆ ಹೇಳುವಾಗ ಕೊಂಕಣಿಯನ್ನೇ ಮೊದಲು ಹೇಳಿದೆ. ಇನ್ನೊಂದು ಪ್ರಶ್ನೆ: ಉತ್ತರ ಬರದಿದ್ದರೆ ನಾನೇ ಕೇಳಬಹುದಾ?

ಕಾರವಾರದಿಂದ:

ಒಂದು ವಾರ ಬಿಟ್ಟು ಒಂದೇ ಸಲ ಮೆಸೇಜ್ ಮಾಡಿ. ಹೆಸರು, ಪಾತ್ರ, ಕಳಿಸಿದ ತಾರೀಖು, ಮೂರೇ ಸಾಲು. ಫೋನ್ ಬೇಡ. ಆಮೇಲೂ ಸುದ್ದಿ ಇಲ್ಲದಿದ್ದರೆ ಆ ಪಾತ್ರ ಬೇರೆಯವರಿಗೆ ಹೋಗಿದೆ ಅಂತ ತಿಳಿಯಿರಿ. ವಿಡಿಯೊ ಅಳಿಸಬೇಡಿ. ಅದೇ ತಂಡ ಆರು ತಿಂಗಳ ಮೇಲೆ ಇನ್ನೊಂದು ಪಾತ್ರಕ್ಕೆ ಕರೆದದ್ದನ್ನು ನಾನೇ ನೋಡಿದ್ದೇನೆ.