ಎಲ್ಲ ರಿಪೋರ್ಟ್ ನಾರ್ಮಲ್, ಆದರೂ ಮೈಯೆಲ್ಲ ನೋವು: ಫೈಬ್ರೊಮಯಾಲ್ಜಿಯಾ ಎಂದರೆ ವೈದ್ಯರೇ ಏಕೆ ನಂಬುವುದಿಲ್ಲ?

ತುಂಗಾತೀರದವನು:

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ. ಎರಡು ವರ್ಷಗಳಿಂದ ಅವಳಿಗೆ ಕುತ್ತಿಗೆ, ಭುಜ, ಸೊಂಟ, ತೊಡೆ ಎಂದು ಮೈಯೆಲ್ಲ ನೋವು. ರಾತ್ರಿಯಿಡೀ ಮಲಗಿದರೂ ಬೆಳಿಗ್ಗೆ ನಿದ್ದೆಗೆಟ್ಟವಳಂತೆ ಏಳುತ್ತಾಳೆ. ಎರಡನೆಯ ಪೀರಿಯಡ್ ಮುಗಿಯುವ ಹೊತ್ತಿಗೆ ಕೈ ಮೇಲೆತ್ತಲಾಗದೆ ಕರಿಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಾಳೆ. ಕೊನೆಯ ಬೆಂಚಿನ ಮಕ್ಕಳು ಲೆಕ್ಕ ಕಾಣಿಸದೆ ಎದ್ದು ನಿಲ್ಲುತ್ತಾರಂತೆ.

ಉರಿಯೂತ, ಸಂಧಿವಾತ ಇದೆಯೇ ಎಂದು ನೋಡುವ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆಗಳು, ಥೈರಾಯ್ಡ್, ವಿಟಮಿನ್ ಡಿ, ಎಂಆರ್‌ಐ ಎಲ್ಲವೂ ನಾರ್ಮಲ್ ಬಂದಿವೆ. ಮೂಳೆ ವೈದ್ಯರೊಬ್ಬರು ಏನೂ ಇಲ್ಲವೆಂದರು, ಇನ್ನೊಬ್ಬರು ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಎಂದರು. ಕೊನೆಗೆ ಬೆಂಗಳೂರಿನ ಸಂಧಿವಾತ ತಜ್ಞರೊಬ್ಬರು ಫೈಬ್ರೊಮಯಾಲ್ಜಿಯಾ ಎಂದು ಬರೆದುಕೊಟ್ಟರು. ಆ ಚೀಟಿಯನ್ನು ಊರಿನ ವೈದ್ಯರಿಗೆ ತೋರಿಸಿದಾಗ ಅವರು ನಕ್ಕು, "ಏನೂ ಸಿಗದಿದ್ದಾಗ ಇಡುವ ಹೆಸರು ಇದು" ಎಂದುಬಿಟ್ಟರು. ಅಂದಿನಿಂದ ಮನೆಯಲ್ಲಿಯೂ ಅವಳ ನೋವಿಗೆ ಬೆಲೆ ಇಲ್ಲದಂತಾಗಿದೆ. ಇದು ನಿಜವಾದ ಕಾಯಿಲೆಯೇ? ಹೌದಾದರೆ ವೈದ್ಯರಲ್ಲಿಯೇ ಇಷ್ಟು ಅನುಮಾನವೇಕೆ?

ಹಾಸನದ ಫಿಜಿಷಿಯನ್:

ನಿಮ್ಮ ಊರಿನ ವೈದ್ಯರ ಮಾತು ತಪ್ಪು, ಆದರೆ ಅದು ಎಲ್ಲಿಂದ ಬಂತೆಂಬುದು ನನಗೆ ಅರ್ಥವಾಗುತ್ತದೆ. ನೋವು ಇದ್ದರೆ ಅದರ ಬುಡದಲ್ಲಿ ಊತವೋ ಸವೆತವೋ ಗಡ್ಡೆಯೋ ಇರಲೇಬೇಕು, ಅದನ್ನು ಹುಡುಕಿ ತೋರಿಸುವುದೇ ವೈದ್ಯನ ಕೆಲಸ ಎಂದು ನಮಗೆ ಮೊದಲ ವರ್ಷದಿಂದ ಕಲಿಸಲಾಗುತ್ತದೆ. ಈ ಕಾಯಿಲೆಯಲ್ಲಿ ಸ್ನಾಯುವಿನಲ್ಲಾಗಲಿ ಕೀಲಿನಲ್ಲಾಗಲಿ ಅಂಥ ಹಾನಿ ಕಾಣುವುದಿಲ್ಲ. ಬೆನ್ನುಹುರಿ ಮತ್ತು ಮಿದುಳು ನೋವಿನ ಸಂಕೇತಗಳನ್ನು ಹಿಗ್ಗಿಸಿ ಗ್ರಹಿಸುತ್ತವೆ ಎಂಬುದು ಇಂದಿನ ತಿಳಿವಳಿಕೆ, ಮತ್ತು ಅದನ್ನು ತೋರಿಸುವ ರಕ್ತಪರೀಕ್ಷೆ ಯಾವ ಲ್ಯಾಬಿನಲ್ಲಿಯೂ ಇಲ್ಲ.

ಈ ಕಾಯಿಲೆಯನ್ನು ಗುರುತಿಸುವ ಮಾನದಂಡಗಳೂ ಬದಲಾಗುತ್ತ ಬಂದಿವೆ. ಅಮೆರಿಕದ ಸಂಧಿವಾತ ತಜ್ಞರ ಸಂಘಟನೆಯ 1990ರ ಮಾನದಂಡದಂತೆ ದೇಹದ 18 ಬಿಂದುಗಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಕನಿಷ್ಠ 11ರಲ್ಲಿ ನೋವಾಗಬೇಕಿತ್ತು. 2010ರಲ್ಲಿ ಈ ಒತ್ತುವ ಪದ್ಧತಿಯನ್ನು ಕೈಬಿಟ್ಟು, 19 ಭಾಗಗಳಲ್ಲಿ ಎಲ್ಲೆಲ್ಲಿ ನೋವಿದೆ, ಆಯಾಸ ಎಷ್ಟು, ಎದ್ದಾಗ ನಿದ್ದೆಯಾದಂತೆ ಅನ್ನಿಸುತ್ತದೆಯೇ, ಮರೆವು ಇದೆಯೇ ಎಂದು ಕೇಳಿ ಅಂಕ ಕೊಡುವ ಕ್ರಮ ಬಂತು. 1990ರ ತಂಡದ ನೇತೃತ್ವ ವಹಿಸಿದ್ದ ಫ್ರೆಡರಿಕ್ ವೂಲ್ಫ್ ಅವರೇ ಮುಂದೆ ಇದನ್ನು ಪ್ರತ್ಯೇಕ ಕಾಯಿಲೆ ಎನ್ನಬಹುದೇ ಎಂದು ಬಹಿರಂಗವಾಗಿ ಸಂದೇಹಿಸಿದರು. ನನ್ನ ಸಹೋದ್ಯೋಗಿಗಳು ಚರ್ಚೆಗಿಳಿದಾಗಲೆಲ್ಲ ಅವರ ಹೆಸರನ್ನೇ ಎಳೆದು ತರುತ್ತಾರೆ. ಆದರೆ ಆ ವಾದ ಇರುವುದು ಹೆಸರಿಡುವುದರ ಬಗ್ಗೆ. ರೋಗಿಗೆ ನೋವೇ ಇಲ್ಲವೆಂದು ಅದರಿಂದ ಸಾಬೀತಾಗುವುದಿಲ್ಲ.

ಇನ್ನು "ಏನೂ ಸಿಗದಿದ್ದಾಗ ಇಡುವ ಹೆಸರು" ಎಂಬ ಮಾತಿಗೆ ಉತ್ತರ ಈ ಮಾನದಂಡಗಳ 2016ರ ಪರಿಷ್ಕರಣೆಯಲ್ಲಿಯೇ ಇದೆ. ಬೇರೆ ಕಾಯಿಲೆ ಇದ್ದರೂ ಇದನ್ನು ಗುರುತಿಸಬಹುದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ, ಅದು ಹತೋಟಿಗೆ ಬಂದ ಮೇಲೂ ಮೈನೋವು ಉಳಿಯಲು ಕೆಲವೊಮ್ಮೆ ಇದೇ ಕಾರಣ.

ಹುಬ್ಬಳ್ಳಿಯವಳು:

ಡಾಕ್ಟರ್ ಸಾಹೇಬರು ಹೇಳಿದ್ದು ಸರಿ, ಆದರೆ ಅನುಮಾನಕ್ಕೆಲ್ಲ ವಿಜ್ಞಾನವೇ ಕಾರಣ ಎಂಬಂತೆ ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ಇದೇ ಕಾಯಿಲೆಯ ರೋಗಿಯಾಗಿ ಹೇಳುತ್ತಿದ್ದೇನೆ. ಮೈಗ್ರೇನ್‌ಗೂ ರಕ್ತಪರೀಕ್ಷೆ ಇಲ್ಲ, ಅದನ್ನು ಯಾರೂ ನಗೆಯಾಡುವುದಿಲ್ಲ. ಇಲ್ಲಿ ರೋಗಿಗಳಲ್ಲಿ ಹೆಚ್ಚಿನವರು ನಡುವಯಸ್ಸಿನ ಹೆಂಗಸರು. ಹೆಂಗಸು ನೋವು ಎಂದೊಡನೆ ಮನೆಯಲ್ಲಿ ಏನಾದರೂ ಜಗಳವೇ, ಗಂಡ ಕುಡಿಯುತ್ತಾನೆಯೇ ಎಂಬ ಪ್ರಶ್ನೆಗಳು ಶುರುವಾಗುತ್ತವೆ. ನನ್ನೊಡನೆ ಬಂದಿದ್ದ ಅಣ್ಣನ ಕಡೆಗೆ ತಿರುಗಿ, ನನ್ನ ನಿದ್ದೆ ಹೇಗಿದೆ ಎಂದು ಅವನನ್ನು ಕೇಳಿದ ವೈದ್ಯರನ್ನೂ ನೋಡಿದ್ದೇನೆ.

2002ರಲ್ಲಿ ಪ್ರಕಟವಾದ ಗ್ರೇಸ್ಲಿ ಮತ್ತು ಸಂಗಡಿಗರ ಅಧ್ಯಯನವನ್ನು ಅಂಥವರು ಓದಬೇಕು. 16 ರೋಗಿಗಳ ಮತ್ತು 16 ಆರೋಗ್ಯವಂತರ ಹೆಬ್ಬೆರಳಿನ ಉಗುರನ್ನು ಒತ್ತಿ, ಆ ಹೊತ್ತಿಗೆ ಮಿದುಳನ್ನು ಸ್ಕ್ಯಾನ್ ಮಾಡಿದರು. ರೋಗಿಗಳಿಗೆ ಕಡಿಮೆ ಒತ್ತಡದಲ್ಲಿ ಆದಷ್ಟೇ ನೋವು ಉಳಿದವರಿಗೆ ಆಗಬೇಕಾದರೆ ಗಣನೀಯವಾಗಿ ಹೆಚ್ಚು ಒತ್ತಬೇಕಾಯಿತು, ಮತ್ತು ಆಗ ಎರಡೂ ಗುಂಪಿನವರ ಮಿದುಳಿನಲ್ಲಿ ಬಹುಮಟ್ಟಿಗೆ ಒಂದೇ ಭಾಗಗಳು ಚುರುಕಾದವು. ನಾಟಕ ಮಾಡುವವರ ಮಿದುಳಿನಲ್ಲಿ ಹೀಗಾಗುತ್ತದೆಯೇ?

ಹಾಸನದ ಫಿಜಿಷಿಯನ್:

ಆ ಅಧ್ಯಯನವನ್ನು ನಾನೂ ಮೆಚ್ಚುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಅದು ಗುಂಪಿನ ಮಟ್ಟದ ಫಲಿತಾಂಶ. ಒಬ್ಬ ರೋಗಿಗೆ ಅಂಥ ಸ್ಕ್ಯಾನ್ ಮಾಡಿಸಿ ಕಾಯಿಲೆ ಇದೆ ಅಥವಾ ಇಲ್ಲ ಎನ್ನಲು ಬರುವುದಿಲ್ಲ. ದಯವಿಟ್ಟು ಯಾರೂ ಅದಕ್ಕಾಗಿ ಹಣ ಕಳೆದುಕೊಳ್ಳಬೇಡಿ. ಹೆಂಗಸರ ವಿಷಯದಲ್ಲಿ ನೀವು ಹೇಳಿದ್ದಕ್ಕೆ ನನ್ನ ತಕರಾರಿಲ್ಲ.

ತುಂಗಾತೀರದವರಿಗೆ: ಮುಂದಿನ ಬಾರಿ ವೈದ್ಯರ ಬಳಿ ಫೈಬ್ರೊಮಯಾಲ್ಜಿಯಾ ನಂಬುತ್ತೀರಾ ಎಂದು ವಾದಕ್ಕಿಳಿಯಬೇಡಿ. ಯಾವ ಯಾವ ಕಾಯಿಲೆ ಇಲ್ಲವೆಂದು ಖಚಿತವಾಗಿದೆ, ಯಾವುದು ಬಾಕಿ ಇದೆ ಎಂದು ಕೇಳಿ. ಒಪಿಡಿಯಲ್ಲಿ ಸಿಗುವ ನಾಲ್ಕೈದು ನಿಮಿಷಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ವೈದ್ಯರಿಗೂ ಕಷ್ಟ. ಕೀಲು ಊದಿಕೊಂಡರೆ, ಜ್ವರ ಬಂದರೆ, ತೂಕ ಇಳಿದರೆ ಹಳೆಯ ಹೆಸರಿಗೆ ಅಂಟಿಕೊಳ್ಳದೆ ಮತ್ತೆ ಪರೀಕ್ಷೆ ಮಾಡಿಸಲೇಬೇಕು.

ಹುಬ್ಬಳ್ಳಿಯವಳು:

ಇನ್ನೊಂದು ಮಾತು ಸೇರಿಸುತ್ತೇನೆ. ನಂಬದ ವೈದ್ಯರು ಸಾಮಾನ್ಯವಾಗಿ ಬರಿಗೈಯಲ್ಲಿ ಕಳುಹಿಸುವುದಿಲ್ಲ, ಡೈಕ್ಲೊಫೆನಾಕ್ ಇಂಜೆಕ್ಷನ್ ಚುಚ್ಚಿ ಕಳುಹಿಸುತ್ತಾರೆ. ಈ ಕಾಯಿಲೆಗೆ ಅಂಥ ನೋವುನಿವಾರಕಗಳಿಂದ ಹೆಚ್ಚು ಪ್ರಯೋಜನವಿಲ್ಲ, ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯವಂತೂ ಇದೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ಪ್ರೆಗಾಬಲಿನ್, ಡ್ಯುಲೊಕ್ಸೆಟಿನ್ ಮುಂತಾದ ಔಷಧಗಳು ಅದರ ನಂತರದ ಮಾತು. ಆದರೆ "ವಾಕಿಂಗ್ ಮಾಡಮ್ಮಾ" ಎಂದು ಒಂದೇ ಸಾಲಿನಲ್ಲಿ ಹೇಳಿದರೆ ಅದೂ ಬೈಗುಳದಂತೆಯೇ ಕೇಳಿಸುತ್ತದೆ. ಎಷ್ಟರಿಂದ ಆರಂಭಿಸಬೇಕು, ಮರುದಿನ ನೋವು ಹೆಚ್ಚಾದರೆ ಎಷ್ಟು ತಗ್ಗಿಸಬೇಕು ಎಂದು ಕುಳಿತು ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಸಿಕ್ಕ ಮೇಲೆಯೇ ನನಗೆ ಬದಲಾವಣೆ ಕಂಡದ್ದು.

ತುಂಗಾತೀರದವನು:

ಇಬ್ಬರಿಗೂ ಧನ್ಯವಾದಗಳು. ಕೊನೆಯದಾಗಿ ಒಂದು ಪ್ರಶ್ನೆ. ಶಾಲೆಯಲ್ಲಿ ರಿಯಾಯಿತಿ ಕೇಳಲು ಅಂಗವಿಕಲರ ಪ್ರಮಾಣಪತ್ರ ಮಾಡಿಸಿ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ಅದು ಆಗುವ ಮಾತೇ?

ಹಾಸನದ ಫಿಜಿಷಿಯನ್:

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಫೈಬ್ರೊಮಯಾಲ್ಜಿಯಾ ಇಲ್ಲ. ಹಾಗಾಗಿ ಆ ಓಡಾಟದಿಂದ ಆಯಾಸವೇ ಹೆಚ್ಚು. ಅದರ ಬದಲು, ಒಂದೇ ಸಮನೆ ಎಷ್ಟು ಹೊತ್ತು ನಿಲ್ಲಬಲ್ಲರು, ಯಾವ ಕೆಲಸದ ನಂತರ ಬಿಡುವು ಬೇಕು ಎಂಬುದನ್ನು ಬೆಂಗಳೂರಿನ ಆ ತಜ್ಞರಿಂದ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ರೋಗದ ಹೆಸರನ್ನಷ್ಟೇ ಬರೆಸಿದರೆ ಮುಖ್ಯೋಪಾಧ್ಯಾಯರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹೀಗೆ ಬರೆಸಿದರೆ ವೇಳಾಪಟ್ಟಿಯಲ್ಲಿ ಪೀರಿಯಡ್‌ಗಳನ್ನು ಹಿಂದೆಮುಂದೆ ಮಾಡಿಕೊಡುವಂತೆ ಕೇಳಲು ಒಂದು ಆಧಾರವಾಗುತ್ತದೆ.